ಜಲಜಮ್ಮನ ಮೇಲೆ ಬಿದ್ದ ಹನ್ನೆರಡು ನಿಮಿಷ

ರೇಣುಕಾಪ್ರಸಾದ್ ಭದ್ರಾವತಿಯ ಓಲ್ಡ್ ಟೌನಿನವರು. ವಯಸ್ಸು ನಲವತ್ತೊಂಬತ್ತು. ಕಚೇರಿಗಳ ಟೆಲಿಫೋನ್ ವ್ಯವಸ್ಥೆ ನೋಡಿಕೊಳ್ಳುವುದು ಅವರ ಕೆಲಸ. ಮೊದಲು ಅದು ಗೋಡೆಯ ಮೇಲಿನ ಪೆಟ್ಟಿಗೆ ಮತ್ತು ತಂತಿಗಳ ಕೆಲಸವಾಗಿತ್ತು. ಈಗ ಎಲ್ಲವೂ ಒಂದು ಸರ್ವರಿನೊಳಗೆ ಸೇರಿಕೊಂಡಿದೆ. ಒಂದೊಂದು ಕಚೇರಿಗೂ ಅವರು ಒಂದೊಂದು ನೋಟ್‌ಬುಕ್ ಇಟ್ಟಿದ್ದಾರೆ. ಏನು ಬದಲಿಸಿದರು, ಏಕೆ ಬದಲಿಸಿದರು, ಬದಲಿಸಿದ ಮೇಲೆ ಪರೀಕ್ಷಿಸಿದರೇ ಎಂಬುದೆಲ್ಲ ಅದರಲ್ಲಿರುತ್ತದೆ. ಪರೀಕ್ಷಿಸದೆ ‘ಸರಿ’ ಎಂದು ಬರೆದದ್ದು ಇಪ್ಪತ್ತಾರು ವರ್ಷಗಳಲ್ಲಿ ಒಂದೇ ಸಲ. ಅದು ಕಳೆದ ಜೂನಿನಲ್ಲಿ, ಶಿವಮೊಗ್ಗದ ಒಂದು ಟ್ಯಾಕ್ಸಿ ಕಚೇರಿಯಲ್ಲಿ.

ಕಚೇರಿ ಇಲಿಯಾಸ್ ಎಂಬುವರದು. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅವರ ಆರು ಕಾರುಗಳಿಗೆ ಬಿಡುವಿಲ್ಲ. ಜೂನಿನಲ್ಲಿ ಅವರು ಇಂಟರ್ನೆಟ್ ಕಂಪನಿಯನ್ನು ಬದಲಿಸಿದರು. ಫೋನಿನ ಸರ್ವರನ್ನು ಹೊಸ ಸಂಪರ್ಕಕ್ಕೆ ಹೊಂದಿಸಲು ರೇಣುಕಾಪ್ರಸಾದ್ ಹೋದರು. ಸರ್ವರಿನ ಗಡಿಯಾರ ತಾನಾಗಿ ಸರಿಯಿರುವುದಿಲ್ಲ. ಸಮಯ ಹೇಳುವ ಹೊರಗಿನ ಇನ್ನೊಂದು ಸರ್ವರನ್ನು ಅದು ಆಗಾಗ ಕೇಳಿ ತಿದ್ದಿಕೊಳ್ಳುತ್ತದೆ. ಆದರೆ ಕಚೇರಿಯ ಸರ್ವರಿಗೆ ಗೊತ್ತಿರುವುದು ಆ ಹೊರಗಿನದರ ಹೆಸರು ಮಾತ್ರ. ಹೆಸರು ಹೇಳಿದರೆ ಅಂಕಿಯ ವಿಳಾಸ ಹುಡುಕಿಕೊಡಲು ಡಿಎನ್‌ಎಸ್ ಎಂಬ ಮೂರನೆಯದೊಂದು ಬೇಕು. ಸರ್ವರಿನಲ್ಲಿ ಇನ್ನೂ ಇದ್ದದ್ದು ಹಳೆಯ ಕಂಪನಿಯ ಡಿಎನ್‌ಎಸ್ ವಿಳಾಸ. ಹೊಸ ಸಂಪರ್ಕದಿಂದ ಕೇಳಿದರೆ ಅದು ಉತ್ತರಿಸುವುದಿಲ್ಲ. ಅದನ್ನು ಬದಲಿಸಬೇಕಿತ್ತು.

ಅಷ್ಟರಲ್ಲಿ ಭದ್ರಾವತಿಯ ಇನ್ನೊಂದು ಕಚೇರಿಯಿಂದ ನಾಲ್ಕನೇ ಸಲ ಕರೆ ಬಂತು. ಅಲ್ಲಿ ಫೋನ್ ಪೂರ್ತಿ ನಿಂತಿತ್ತು. ಇಲ್ಲಿ ಕರೆಗಳೇನೋ ಹೋಗುತ್ತಿದ್ದವು, ಏಕೆಂದರೆ ಟೆಲಿಫೋನ್ ಲೈನಿನ ವಿಳಾಸವನ್ನು ಹೆಸರಿನಲ್ಲಲ್ಲ, ಅಂಕಿಯಲ್ಲೇ ಕೊಟ್ಟಿತ್ತು. ಸಮಯವೊಂದೇ ತಪ್ಪಿತ್ತು. ಡಿಎನ್‌ಎಸ್ ನಾಳೆ ನೋಡೋಣ ಎಂದುಕೊಂಡು ಅವರು ಕೈಗಡಿಯಾರ ನೋಡಿ ಸಮಯ ಹಾಕಿದರು. ನೋಟ್‌ಬುಕ್ಕಿನಲ್ಲಿ ‘ಸಮಯ: ಸರಿ’ ಎಂದು ಬರೆದು ಹೊರಟರು.

ಅವರ ಕೈಗಡಿಯಾರ ಹತ್ತು ನಿಮಿಷ ಮುಂದಿತ್ತು. ತಂದೆ ಕಾರ್ಖಾನೆಯಲ್ಲಿದ್ದವರು. ಸೈರನ್ ಆಗುವುದರೊಳಗೆ ಗೇಟು ದಾಟಬೇಕೆಂದು, ಊರಿನ ಎಷ್ಟೋ ಮನೆಗಳಂತೆ ಅವರ ಮನೆಯಲ್ಲೂ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುತ್ತಿದ್ದರು. ನೋಡುವಾಗ ಹತ್ತು ಕಳೆಯುವುದು ಚಿಕ್ಕಂದಿನ ರೂಢಿ. ಆ ದಿನ ಕಳೆಯಲಿಲ್ಲ. ನಾಳೆ ಬರುವುದೂ ಮರೆತುಹೋಯಿತು.

ನವೆಂಬರಿನ ಒಂದು ಬುಧವಾರ ಇಲಿಯಾಸ್ ಕರೆಸಿದರು.

“ಪ್ರಸಾದ್ ಸಾರ್, ಐದನೇ ತಾರೀಖಿನ ಕರೆಗಳ ಪಟ್ಟಿ ತೆಗೆದುಕೊಡಿ. ಗೋಪಾಳದ ಪಾರ್ಟಿ ಒಬ್ರಿಗೆ ಫ್ಲೈಟ್ ತಪ್ಪಿದೆ. ಎಂಟು ದಿನ ಆದ್ಮೇಲೆ ಬಂದು ನನ್ನ ತಲೆ ತಿಂತಾ ಇದಾರೆ.”

ಗೋಪಾಳ ಬಡಾವಣೆಯ ಆ ಗಿರಾಕಿ ಕಾರು ಬೇಕೆಂದು ಕಚೇರಿಯ ಮೊಬೈಲಿಗೆ ಮೆಸೇಜ್ ಕಳಿಸಿದ್ದು ಬೆಳಗ್ಗೆ 9.42ಕ್ಕೆ. ರೇಣುಕಾಪ್ರಸಾದ್ ತೆಗೆದುಕೊಟ್ಟ ಪಟ್ಟಿಯ ಪ್ರಕಾರ, ಕಚೇರಿಯ ಫೋನಿನಿಂದ ಡ್ರೈವರ್ ಅಬ್ಬಾಸ್ ಅಲಿಗೆ ಕರೆ ಹೋದದ್ದು 9.56ಕ್ಕೆ. ಅಬ್ಬಾಸ್ ಅಲಿಯದು ಗುಂಡಿ ಒತ್ತುವ ಹಳೇ ಫೋನು. ಅದರಲ್ಲಿ ಕೊನೆಯ ಇಪ್ಪತ್ತು ಕರೆಗಳಷ್ಟೇ ಉಳಿಯುತ್ತವೆ. ಆ ದಿನದ್ದು ಎಂದೋ ಅಳಿಸಿಹೋಗಿತ್ತು.

ಕರೆ ಮಾಡಿದವರು ಜಲಜಮ್ಮ. ಐವತ್ತೆಂಟು ವರ್ಷ. ಮೂವತ್ತು ವರ್ಷದಿಂದ ಒಂದಲ್ಲ ಒಂದು ಕಚೇರಿಯಲ್ಲಿ ಫೋನ್ ಎತ್ತಿದವರು.

“ಮೆಸೇಜ್ ಕೈಯಲ್ಲಿ ಹಿಡ್ಕೊಂಡೇ ಅಬ್ಬಾಸಿಗೆ ಫೋನ್ ಹಚ್ಚಿದೆ ಇಲಿಯಾಸಣ್ಣ,” ಎಂದರು ಅವರು.

“ಹದಿನಾಲ್ಕು ನಿಮಿಷ ಜಲಜಮ್ಮ! ಇಲ್ಲಿ ಬರೆದಿದೆ ನೋಡಿ. ನಾನಲ್ಲ, ಮಿಷನ್ ಹೇಳ್ತಾ ಇರೋದು. ಈ ತಿಂಗಳು ಮುಗಿಸ್ಬಿಡಿ, ಆಮೇಲೆ ಬೇರೆಯವ್ರನ್ನ ನೋಡ್ಕೊತೀನಿ.”

ಜಲಜಮ್ಮ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದರು.

ಸರ್ವರಿನ ಪುಟ ಮುಚ್ಚುವ ಮುಂಚೆ ರೇಣುಕಾಪ್ರಸಾದ್ ಕಣ್ಣು ಪರದೆಯ ಮೂಲೆಗೆ ಹೋಯಿತು. ಸಮಯ ಕೊನೆಯದಾಗಿ ಸರಿಹೊಂದಿದ್ದು ಜೂನಿನಲ್ಲಿ ಎಂದಿತ್ತು. ಮೊಬೈಲ್ ತೆಗೆದು ಹೋಲಿಸಿದರು. ಸರ್ವರ್ ಹನ್ನೆರಡು ನಿಮಿಷ ಮುಂದಿತ್ತು. ಹತ್ತು ಅವರ ಕೈಗಡಿಯಾರದ್ದು, ಎರಡು ಐದು ತಿಂಗಳಲ್ಲಿ ಸರ್ವರ್ ತಾನೇ ಸೇರಿಸಿಕೊಂಡದ್ದು. ಅಂದರೆ ಜಲಜಮ್ಮ ಕರೆ ಮಾಡಿದ್ದು 9.44ಕ್ಕೆ.

ಅವರು ಆಗ ಮಾಡಿದ್ದಿಷ್ಟು: ಹೊಸ ಡಿಎನ್‌ಎಸ್ ವಿಳಾಸ ಹಾಕಿದರು. ಹೆಸರು ಕೊಟ್ಟು ಪರೀಕ್ಷಿಸಿದರು, ವಿಳಾಸ ಬಂತು. ಸ್ವಲ್ಪ ಹೊತ್ತಿನಲ್ಲಿ ಗಡಿಯಾರ ಹನ್ನೆರಡು ನಿಮಿಷ ಹಿಂದಕ್ಕೆ ಬಂತು. ಎಲ್ಲ ಸೇರಿ ನಾಲ್ಕು ನಿಮಿಷದ ಕೆಲಸ. ಪಕ್ಕದ ಕೋಣೆಯಲ್ಲಿ ಇಲಿಯಾಸ್ ಇನ್ನೂ ಮಾತಾಡುತ್ತಿದ್ದರು. ರೇಣುಕಾಪ್ರಸಾದ್ ಬ್ಯಾಗು ಹೆಗಲಿಗೆ ಹಾಕಿಕೊಂಡು, “ಬರ್ತೀನಿ” ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

ಗುರುವಾರ, ಶುಕ್ರವಾರ ಅವರು ಶಿವಮೊಗ್ಗದ ಕಡೆ ಹೋಗಲಿಲ್ಲ. ಹೆಂಡತಿ ಸುಮನಾ, “ಯಾಕೆ, ಹುಷಾರಿಲ್ವಾ?” ಎಂದು ಕೇಳಿದ್ದಕ್ಕೆ ಹುಷಾರಿಲ್ಲ ಎಂದರು.

ಶನಿವಾರ ಶಿವಮೊಗ್ಗದ ಬಸ್ ಹತ್ತಿದರೆ ಕಿಟಕಿಯ ಪಕ್ಕ ಜಲಜಮ್ಮ. ಅವರೂ ಓಲ್ಡ್ ಟೌನಿನವರೇ.

“ಬಾ ಪ್ರಸಾದು, ಕೂತ್ಕೋ. ಮುಖ ಯಾಕೆ ಹಂಗಿಟ್ಕೊಂಡಿದೀಯ, ಕೆಲಸ ಹೋಗಿದ್ದು ನಂದು ಮಾರಾಯ!” ಎಂದು ನಕ್ಕರು. ಒಂದು ಸ್ಟಾಪು ದಾಟಿದ ಮೇಲೆ ದನಿ ತಗ್ಗಿಸಿದರು. “ಆ ಮಿಷನ್ ತಪ್ಪು ಹೇಳಲ್ಲ ಅಲ್ವಾ?”

ಕಂಡಕ್ಟರ್ ಬಂದದ್ದೇ ನೆಪವಾಗಿ ರೇಣುಕಾಪ್ರಸಾದ್ ಟಿಕೆಟ್ ತೆಗೆದುಕೊಂಡರು.

“ಹೇಳಲ್ಲ ಬಿಡು. ನೀನು ಕೂರಿಸಿದ್ದು,” ಎಂದರು ಜಲಜಮ್ಮ. “ನಮ್ಮಮ್ಮಂಗೂ ಹಿಂಗೇ ಶುರುವಾಗಿದ್ದು. ಸಾರು ಒಲೆ ಮೇಲಿಟ್ಟು ಈಗ್ತಾನೇ ಇಟ್ಟೆ ಅನ್ನೋರು. ಹದಿನಾಲ್ಕು ನಿಮಿಷ ನಾನೆಲ್ಲಿದ್ದೆ, ಏನ್ಮಾಡ್ತಿದ್ದೆ, ಒಂಚೂರೂ ನೆನಪಿಲ್ಲ ನೋಡು. ಸೋಮವಾರ ಡಾಕ್ಟ್ರ ಹತ್ರ ಹೋಗೋಣ ಅಂದಿದಾಳೆ ಮಗಳು.”

ಉಳಿದ ದಾರಿಯಲ್ಲಿ ರೇಣುಕಾಪ್ರಸಾದ್ ತಲೆ ಎತ್ತಲಿಲ್ಲ. ಶಿವಮೊಗ್ಗದಲ್ಲಿ ಇಳಿದು, ತಮ್ಮ ಕೆಲಸವಿದ್ದ ಕಡೆ ಹೋಗದೆ ಜಲಜಮ್ಮನ ಹಿಂದೆಯೇ ನಡೆದರು. ಕಚೇರಿಯಲ್ಲಿ ಇಲಿಯಾಸ್ ಚಹಾ ಕುಡಿಯುತ್ತಿದ್ದರು. ರೇಣುಕಾಪ್ರಸಾದ್ ನಿಂತೇ ಎಲ್ಲ ಹೇಳಿದರು. ಡಿಎನ್‌ಎಸ್ ಬದಲಿಸದೆ ಬಿಟ್ಟದ್ದು, ಕೈಗಡಿಯಾರ ನೋಡಿ ಸಮಯ ಹಾಕಿದ್ದು, ಸರಿ ಎಂದು ಬರೆದದ್ದು. ನೋಟ್‌ಬುಕ್ ತೆರೆದು ಆ ಪುಟವನ್ನೂ ತೋರಿಸಿದರು.

“ಅರೆ!” ಇಲಿಯಾಸ್ ಲೋಟ ಕೆಳಗಿಟ್ಟರು. “ಈ ಟೇಬಲ್ ಫೋನಿನ ಮೇಲೆ ಟೈಮ್ ಮುಂದಿರೋದು ನಾನೂ ನೋಡಿದ್ದೆ. ಭದ್ರಾವತಿಯವ್ರಲ್ವಾ, ಬೇಕಂತಲೇ ಇಟ್ಟಿದಾರೆ, ಡ್ರೈವರ್‌ಗಳು ಬೇಗ ಹೊರಡ್ಲಿ ಅಂತ, ಅಂದ್ಕೊಂಡೆ. ಪಟ್ಟೀಲೂ ಅದೇ ಟೈಮ್ ಬೀಳುತ್ತೆ ಅಂತ ನಂಗೆ ಹೊಳೀಲೇ ಇಲ್ಲ. ಜಲಜಮ್ಮ, ನೀವೆಲ್ಲೂ ಹೋಗ್ಬೇಡಿ. ನಂದೂ ತಪ್ಪಾಯ್ತು.”

ಜಲಜಮ್ಮ ಇಲಿಯಾಸ್ ಕಡೆ ನೋಡಲಿಲ್ಲ.

“ನಿಂಗೆ ಯಾವತ್ತು ಗೊತ್ತಾಯ್ತು ಪ್ರಸಾದು?”

“ಪಟ್ಟಿ ತೆಗೆದ ದಿನವೇ.”

“ಬುಧವಾರ.”

“ಹೂಂ.”

“ಇವತ್ತು ಶನಿವಾರ.” ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದರು. “ಕೈತಪ್ಪು ಯಾರಿಗೂ ಆಗುತ್ತೆ. ಆದ್ರೆ ಈ ಮೂರು ದಿನ ನಾನು ಮೊಮ್ಮಕ್ಕಳ ಹೆಸರನ್ನೆಲ್ಲ ಬಾಯಲ್ಲಿ ಹೇಳ್ಕೊಂಡು ನೋಡಿದೀನಿ ಮಾರಾಯ, ಯಾವ್ದಾದ್ರೂ ಮರೆತು ಹೋಗಿದ್ಯಾ ಅಂತ.”

ಕ್ಷಮಿಸಿ ಎಂದರೆ ಅದು ತೀರಾ ಸುಲಭದ ಮಾತಾಗುತ್ತದೆ ಎಂದು ರೇಣುಕಾಪ್ರಸಾದರಿಗೆ ಎನಿಸಿತು. ಹೇಳದಿದ್ದರೆ ಇನ್ನೂ ಕೆಟ್ಟದ್ದು. “ಕ್ಷಮಿಸಿ ಜಲಜಕ್ಕ” ಎಂದರು.

ಗೋಪಾಳದವರಿಗೆ ನಡೆದದ್ದನ್ನು ಬರೆದು ಕೊಡಬೇಕೆಂದು ಇಲಿಯಾಸ್ ಹೇಳಿದರು. ರೇಣುಕಾಪ್ರಸಾದ್ ಅಲ್ಲಿಯೇ ಕುಳಿತು ಅರ್ಧ ಪುಟ ಬರೆದರು. ಕರೆ ಹೋದದ್ದು 9.44ಕ್ಕೆ ಎಂದೂ, ತಾಂತ್ರಿಕ ದೋಷದಿಂದ ಪಟ್ಟಿಯಲ್ಲಿ ತಪ್ಪು ಸಮಯ ಬಂದಿದೆ ಎಂದೂ ವಿವರಿಸಿ, ಸಹಿ ಮಾಡುವ ಮುಂಚೆ ಜಲಜಮ್ಮನ ಮುಂದಿಟ್ಟರು. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, ಮೂರನೇ ಸಾಲಿನ ಮೇಲೆ ಬೆರಳಿಟ್ಟರು.

“ತಾಂತ್ರಿಕ ದೋಷ ಅಂದ್ರೆ ಯಾರ್ದು?”

ರೇಣುಕಾಪ್ರಸಾದ್ ಹಾಳೆ ಹಿಂದಕ್ಕೆ ಎಳೆದುಕೊಂಡರು. ಆ ಎರಡು ಪದಗಳನ್ನು ಹೊಡೆದುಹಾಕಿ, ಮೇಲೆ ‘ನನ್ನ ತಪ್ಪಿನಿಂದ’ ಎಂದು ಬರೆದು, ತಮ್ಮ ಪೂರ್ತಿ ಹೆಸರನ್ನೂ ಸೇರಿಸಿದರು. ಜಲಜಮ್ಮ ಇನ್ನೊಮ್ಮೆ ಮೊದಲಿನಿಂದ ಓದಿದರು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅವರು ಹಾಳೆಯನ್ನು ಇಲಿಯಾಸ್ ಕೈಗೆ ಕೊಟ್ಟು, ತಮ್ಮ ಕುರ್ಚಿಗೆ ಹೋಗಿ ಕೂತು ರಿಸೀವರ್ ಎತ್ತಿದರು.