ಫ್ರೆಂಚ್ ಸೇನಾಪತಿಯೂ ನಮ್ಮ ಸರ್ವಾನುಮತದ ಅಧ್ಯಕ್ಷರೂ

ಭಾಷಣ ಗೆದ್ದೆ, ಸಭೆ ಸೋತೆ. ಹೇಗೆ ಸಾಧ್ಯ ಅಂತೀರಾ? ಕಳೆದ ಭಾನುವಾರ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲಿನಲ್ಲಿ ನಡೆದ ನಮ್ಮ ಕನ್ನಡ ಬಳಗದ ವಾರ್ಷಿಕ ಸಭೆಗೆ ನೀವು ಬರಬೇಕಿತ್ತು.

ಅಧ್ಯಕ್ಷ ಸದಾಶಿವಣ್ಣ ಒಂಬತ್ತು ವರ್ಷಗಳಿಂದ ಸರ್ವಾನುಮತದಿಂದ ಆಯ್ಕೆಯಾಗುತ್ತಿದ್ದರು. (ಸರ್ವಾನುಮತ ಎಂದರೆ ಒಬ್ಬರು ಸೂಚಿಸುವುದು, ಇನ್ನೊಬ್ಬರು ಅನುಮೋದಿಸುವುದು, ಉಳಿದವರು ಬಿರಿಯಾನಿ ಕಡೆ ನೋಡುವುದು.) ಓಟಿನ ಪದ್ಧತಿ ನಮ್ಮಲ್ಲಿಲ್ಲ. ಓಟು ಹಾಕಿದರೆ ಒಡಕು ಮೂಡುತ್ತದಂತೆ!

ಈ ಸಲ ತಕರಾರಿತ್ತು. ಬಳಗಕ್ಕಿರುವ ಒಂದೇ ರೂಮಿನಲ್ಲಿ ಲವೀನಾ ಟೀಚರ್ ಪ್ರತಿ ಶನಿವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಆಸ್ಪತ್ರೆಯ ಲ್ಯಾಬಿನಲ್ಲಿ ಡ್ಯೂಟಿ ಮುಗಿಸಿ, ಪುಕ್ಕಟೆಯಾಗಿ. ಸದಾಶಿವಣ್ಣ ಅದರೊಳಗೆ ಕ್ರಿಕೆಟ್ ಕಿಟ್ ತುಂಬಿಸಿದರು. ಕ್ಲಾಸು ಬಿಲ್ಡಿಂಗಿನ ಲಾಬಿಗೆ ಬಂತು. ಅಲ್ಲಿಂದಲೂ ವಾಚ್‌ಮನ್ 'ಯಲ್ಲಾ, ಯಲ್ಲಾ' ಎಂದು ಎಬ್ಬಿಸಿದ. ರೂಮು ಬೇಕಾದರೆ ತಾವೇ ಅಧ್ಯಕ್ಷೆಯಾಗಬೇಕೆಂದು ಟೀಚರ್ ನಿರ್ಧರಿಸಿದರು. ಸದಾಶಿವಣ್ಣನನ್ನು ಇಳಿಸುವ ಕೆಲಸ, ಕಾಲೇಜಿನಲ್ಲಿ ಡಿಬೇಟ್ ಕಪ್ ಗೆದ್ದ ನನ್ನ ಪಾಲಿಗೆ.

ಅಸ್ತ್ರ ಸಿಕ್ಕಿದ್ದು ಅಕ್ಕನ ಮಗಳು ಶ್ರೇಯಾಳ ಸ್ಕೂಲ್ ಪ್ರಾಜೆಕ್ಟಿನಲ್ಲಿ. 1809ರ ಸ್ವೀಡನ್. ಯುದ್ಧದಲ್ಲಿ ಸೋಲುತ್ತಿದ್ದರೂ ಹಟ ಬಿಡದ ರಾಜ. ಅರಮನೆಯಲ್ಲೇ ಅವನನ್ನು ಹಿಡಿದು ಕೂರಿಸಿದ ಸೇನಾಧಿಕಾರಿಗಳು. ಮೂರು ತಿಂಗಳೊಳಗೆ ಹೊಸ ಸಂವಿಧಾನ!

"ಅವರು ರಾಜನನ್ನೇ ಬದಲಿಸಿದರು. ನಮಗೊಬ್ಬ ಅಧ್ಯಕ್ಷರನ್ನು ಬದಲಿಸಲಿಕ್ಕೆ ಆಗುವುದಿಲ್ವಾ?" ಎಂದೆ. ಚಪ್ಪಾಳೆಯೋ ಚಪ್ಪಾಳೆ.

ಸದಾಶಿವಣ್ಣ ಎದ್ದರು. "ಖಲಾಸ್! ನಂಗೂ ಸಾಕಾಗಿದೆ ಮಾರಾಯ್ರೆ."

ಆ ಕ್ಷಣವೇ ಟೀಚರ್ ಹೆಸರು ಸೂಚಿಸಬೇಕಿತ್ತು. ನಾನೋ, ಚಪ್ಪಾಳೆಗೆ ಕೈಮುಗಿಯುತ್ತ ನಿಂತೆ. ಅಷ್ಟರಲ್ಲಿ ಕಾರ್ಯದರ್ಶಿ ವಿಠಲಣ್ಣ, "ಅಲ್ಲ, ಆಮೇಲೆ ಆ ಸ್ವೀಡನ್ನಿನಲ್ಲಿ ರಾಜನಾಗಿ ಕೂತದ್ದು ಯಾರು?" ಎಂದರು.

ಶ್ರೇಯಾ ಎದ್ದಳು. (ಮಕ್ಕಳಿಗೆ ಪೂರ್ತಿ ಉತ್ತರ ಹೇಳಲು ಕಲಿಸಿದ್ದೇ ತಪ್ಪು.) "ಫಸ್ಟ್, ಹಿಸ್ ಓಲ್ಡ್ ಅಂಕಲ್. ನೋ ಕಿಡ್ಸ್!" ಉತ್ತರಾಧಿಕಾರಿಯೆಂದು ಡೆನ್ಮಾರ್ಕಿನ ಕಡೆಯಿಂದ ಒಬ್ಬ ರಾಜಕುಮಾರನನ್ನು ತಂದರಂತೆ, ಅವನು ಕುದುರೆಯಿಂದ ಬಿದ್ದು ಸತ್ತನಂತೆ. ಕೊನೆಗೆ ಕರೆದದ್ದು ಫ್ರಾನ್ಸಿನ ಸೇನಾಪತಿಯನ್ನು. ಆತ ಸ್ವೀಡಿಷ್ ಕಲಿಯಲೇ ಇಲ್ಲವಂತೆ.

ವಿಠಲಣ್ಣನ ಕಣ್ಣು ಹೊಳೆಯಿತು. "ಹೊರಗಿನವ! ಒಳ್ಳೆ ಐಡಿಯ. ದುಬೈಯ ಅಲ್ ಕೂಜ್‌ನಲ್ಲಿ ನಮ್ಮ ಗೋಡೌನ್ ಸಾಹುಕಾರ್ರು ಇದ್ದಾರಲ್ಲ? ಬಸ್ಸು, ಬ್ಯಾನರು ಎಲ್ಲ ಅವರದ್ದೇ ಆಗ್ತದೆ."

"ಅವರು ನಮ್ಮ ಮೆಂಬರೇ ಅಲ್ಲ," ಎಂದೆ.

"ಫ್ರಾನ್ಸಿನವ ಸ್ವೀಡನ್ನಿಗೆ ಮೆಂಬರಾಗಿದ್ನಾ?"

ಸಭೆ ಗೊಳ್ಳೆಂದಿತು. ಸಾಹುಕಾರರು ಫೋನಿನಲ್ಲೇ ಒಪ್ಪಿದರು. ಚಪ್ಪಾಳೆ ತಟ್ಟದವರು ಟೀಚರ್ ಮತ್ತು ನಾನು. ವರದಿಯಲ್ಲಿ ಮಾತ್ರ 'ಸರ್ವಾನುಮತ'.

ಮರುದಿನ ಹೊಸ ಅಧ್ಯಕ್ಷರ ಧನ್ಯವಾದ ವಾಟ್ಸ್ಯಾಪಿಗೆ ಬಂತು, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಕ್ರಿಕೆಟ್ ಕಿಟ್ ಹೊರಬಿತ್ತು. ರೂಮಿಗೆ 'ಅಧ್ಯಕ್ಷರ ಕಚೇರಿ' ಎಂಬ ಬೋರ್ಡು ಬಿತ್ತು. (ಅವರು ದುಬೈ ಬಿಟ್ಟು ಅಬುಧಾಬಿಗೆ ಬರುವುದು ವರ್ಷಕ್ಕೆರಡು ಸಲ.)

"ನಿನ್ನ ಸ್ವೀಡನ್ ಕಥೆ ಭಾರೀ ಚೆಂದ ಇತ್ತು," ಎಂದರು ಟೀಚರ್. "ಅದ್ರಲ್ಲಿ ನನ್ನ ಹೆಸ್ರು ಒಂದು ಬರ್ಲಿಲ್ಲ."

ಇನ್ನೂರು ವರ್ಷ ಕಳೆದರೂ ಸ್ವೀಡನ್ನಿನ ಸಿಂಹಾಸನದಲ್ಲಿರುವುದು ಅದೇ ಫ್ರೆಂಚ್ ವಂಶ. ನಮ್ಮ ಸಾಹುಕಾರರಿಗೂ ಒಬ್ಬ ಮಗನಿದ್ದಾನೆ. ಅವನಿಗಾದರೂ ಈಗಿನಿಂದಲೇ ಅ ಆ ಇ ಈ ಕಲಿಸೋಣವೆಂದರೆ, ರೂಮೆಲ್ಲಿದೆ?