ಐದು ದಿನದ ವೇಳಾಪಟ್ಟಿ

ಅವರ ಬಲಗೈಯ ಹೆಬ್ಬೆರಳು ಹಳದಿ, ತೋರುಬೆರಳು ಗುಲಾಬಿ, ನಡುಬೆರಳು ನೀಲಿ. ಬಣ್ಣದ ಸೀಮೆಸುಣ್ಣ ಹಿಡಿದ ಕೈಯನ್ನು ತೊಳೆಯದೆ ಚಹಾ ಕುಡಿಯುವುದರಿಂದ ಮೀಸೆಗೂ ಸ್ವಲ್ಪ ಹತ್ತಿರುತ್ತಿತ್ತು. ಇಚಲಕರಂಜಿಯ ಕಾಲೇಜಿನಲ್ಲಿ ನಮಗೆ ಗಣಿತ ಕಲಿಸಿದ ಸರ್ ಇವರು. ಊರು ಗಡಹಿಂಗ್ಲಜ. ಪಾಠ ಮರಾಠಿಯಲ್ಲಿ, ನನ್ನೊಡನೆ ಮಾತು ಕನ್ನಡದಲ್ಲಿ. ಎಪ್ಪತ್ತರ ದಶಕದ ಕೊನೆ. ನಾನು ಬೆಳಿಗ್ಗೆ ಕಾಲೇಜು ಮುಗಿಸಿ, ಮಧ್ಯಾಹ್ನ ಪವರ್‌ಲೂಮ್ ಶೆಡ್ಡಿನಲ್ಲಿ ಲಾಳಿಯ ಕಾಂಡಿಗೆ ನೂಲು ಸುತ್ತುತ್ತಿದ್ದೆ.

ಸರ್ ಕೊಲ್ಹಾಪುರದಲ್ಲಿ ಡಾಕ್ಟರೇಟಿಗೆ ಹೆಸರು ಹಚ್ಚಿದ್ದರು. ವಿಷಯ, ವೃತ್ತಗಳಿಗೆ ಬಣ್ಣ ಹಚ್ಚುವುದು. ಗೆರೆಯಿಂದ ಕೂಡಿದ ಎರಡು ವೃತ್ತಗಳಿಗೆ ಒಂದೇ ಬಣ್ಣ ಬರಬಾರದು, ಬಣ್ಣಗಳು ಆದಷ್ಟು ಕಡಿಮೆ ಇರಬೇಕು. ಕಾಲೇಜಿನ ಪರೀಕ್ಷೆಯ ವೇಳಾಪಟ್ಟಿಯನ್ನೂ ಹೀಗೆಯೇ ಮಾಡುತ್ತಿದ್ದರು. ಒಂದೊಂದು ವಿಷಯಕ್ಕೆ ಒಂದೊಂದು ವೃತ್ತ. ಒಬ್ಬರೇ ಎರಡು ವಿಷಯ ತೆಗೆದುಕೊಂಡಿದ್ದರೆ ಅವುಗಳ ನಡುವೆ ಗೆರೆ. ಒಂದು ಬಣ್ಣವೆಂದರೆ ಒಂದು ದಿನ. ಸ್ಟಾಫ್ ರೂಮಿನಲ್ಲಿ ಇಬ್ಬರು ಜಗಳಾಡಿದರೂ, "ಇವರ ನಡುವ ಗೆರಿ ಐತಿ, ಬ್ಯಾರೆ ಬ್ಯಾರೆ ಕೂಡಸ್ರಿ" ಎನ್ನುತ್ತಿದ್ದರು.

ಆ ವರ್ಷದ ಪಟ್ಟಿಯಲ್ಲಿ, ವಾರ್ಷಿಕಕ್ಕೆ ಮುಂಚಿನ ಕಾಲೇಜಿನ ಪರೀಕ್ಷೆ ಆರು ದಿನ, ಮಧ್ಯಾಹ್ನದ ಹೊತ್ತು ಇತ್ತು. ನನ್ನ ಮೊದಲ ಪೇಪರ್ ಸಂಖ್ಯಾಶಾಸ್ತ್ರ, ಗುರುವಾರ. ಪಟ್ಟಿ ಬರೆದುಕೊಂಡು, ನನ್ನ ಪರೀಕ್ಷೆಯ ದಿನಗಳಿಗೆ ಮಾತ್ರ ಶೆಡ್ಡಿನಲ್ಲಿ ರಜೆ ಗೊತ್ತು ಮಾಡಿಕೊಂಡೆ. ತರಗತಿ ನಿಂತ ಮೇಲೆ ಇಡೀ ದಿನ ಅಲ್ಲಿಯೇ.

ಅಷ್ಟರಲ್ಲಿ ತಡವಾಗಿ ಸೇರಿದ ಇಬ್ಬರು ಇತಿಹಾಸದ ಜೊತೆ ಭೂಗೋಳ ತೆಗೆದುಕೊಂಡಿರುವುದು ಗೊತ್ತಾಯಿತು. ಎರಡೂ ಸೋಮವಾರವೇ ಇದ್ದವು. ಹೊಸ ಗೆರೆ ಬಿತ್ತು. ಸರ್ ಇಡೀ ಚಿತ್ರ ಒರೆಸಿ ಮೊದಲಿನಿಂದ ಬಣ್ಣ ಹಚ್ಚಿದರು. ಈ ಸಲ ಐದೇ ಬಣ್ಣ ಸಾಕಾಯಿತು. ಪ್ರಿನ್ಸಿಪಾಲರು ಬೆನ್ನು ತಟ್ಟಿದರಂತೆ. ಹೊಸ ಪಟ್ಟಿ ಶನಿವಾರ ಬೋರ್ಡಿಗೆ ಬಂತು.

ಗುರುವಾರ ನಾನು ಹೋದಾಗ ಸಂಖ್ಯಾಶಾಸ್ತ್ರ ಮುಗಿದು ಎರಡು ದಿನವಾಗಿತ್ತು.

"ಬೋರ್ಡ್ ನೋಡಲಿಲ್ಲೇನವಾ?"

"ನೋಡೇನ್ರಿ ಸರ, ಹ್ವಾದ ವಾರ. ಬರಕೊಂಡೇ ಹೋಗಿದ್ದೆ."

ಒಂದು ಪೇಪರ್ ತಪ್ಪಿದರೆ ವಾರ್ಷಿಕ ಪರೀಕ್ಷೆಗೆ ಫಾರ್ಮ್ ತುಂಬುವಂತಿರಲಿಲ್ಲ. ತಪ್ಪು ತಮ್ಮದೆಂದು ಸರ್ ಬರೆದುಕೊಟ್ಟರು. ಒಬ್ಬಳಿಗೆ ಮರುಪರೀಕ್ಷೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆಂದು ಪ್ರಿನ್ಸಿಪಾಲರು ಒಪ್ಪಲಿಲ್ಲ. ನನ್ನ ವರ್ಷ ಹೋಯಿತು.

ಮರುದಿನ ಖಾಲಿ ತರಗತಿಯಲ್ಲಿ ಸರ್ ಹಳೆಯ ಚಿತ್ರವನ್ನು ಮತ್ತೆ ಬಿಡಿಸಿದ್ದರು. ಭೂಗೋಳವೊಂದನ್ನೇ ಸೋಮವಾರದಿಂದ ಶನಿವಾರಕ್ಕೆ ಸರಿಸಿದ್ದರೆ ಸಾಕಿತ್ತು. ಉಳಿದದ್ದನ್ನು ಮುಟ್ಟಬೇಕಾಗಿಯೇ ಇರಲಿಲ್ಲ.

"ಎಷ್ಟ್ ಬಣ್ಣ ಉಳೀತು ಅಂತ ನೋಡಿದೆ," ಎಂದರು. "ಎಷ್ಟ್ ಮಂದೀದು ದಿನಾ ಬದಲಾತು ಅಂತ ನೋಡ್ಲಿಲ್ಲ."

ನನಗೆ ಭಾಳ ಸಿಟ್ಟು ಬಂದಿತ್ತು.

ಅಲ್ಲಿಂದ ಅವರ ಪ್ರಶ್ನೆಯೇ ಬೇರೆಯಾಯಿತು. ಗೆರೆಗಳು ಕೂಡುತ್ತ, ಕಳೆಯುತ್ತ ಹೋಗುವ ಚಿತ್ರದಲ್ಲಿ ಎಷ್ಟು ಕಡಿಮೆ ವೃತ್ತಗಳ ಬಣ್ಣ ಬದಲಿಸಿದರೆ ಸಾಕು? ಒಂದು ಬಣ್ಣ ಹೆಚ್ಚಾದರೂ ಚಿಂತೆಯಿಲ್ಲ. ಕೊಲ್ಹಾಪುರದ ಮಾರ್ಗದರ್ಶಕರಿಗೆ ಇದು ಗಣಿತವೆನಿಸಲಿಲ್ಲ. ಹಳೆಯ ಪ್ರಬಂಧವನ್ನೇ ಕೊಡಿ, ಪದವಿ ಕೊಡಿಸುತ್ತೇನೆ ಎಂದರಂತೆ. ಸರ್ ಕೊಡಲಿಲ್ಲ. ಡಾಕ್ಟರ್ ಆಗದೆಯೇ ನಿವೃತ್ತರಾದರು.

ನಾನು ಮರುವರ್ಷ ಪಾಸಾಗಿ, ಮುಂದೆ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಲು ಸೇರಿದೆ. ಎಂಬತ್ತರ ದಶಕದ ನಡುವೆ, ಸರ್ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಗಡಹಿಂಗ್ಲಜಕ್ಕೆ ಹೋದೆ. ಗುರುತು ಹಿಡಿದರು.

"ಸಿಟ್ಟು ಹೋತೇನವಾ?"

"ಇನ್ನಾ ಸ್ವಲ್ಪ ಐತ್ರಿ, ಸರ."

"ಇರ್ಲಿ," ಎಂದು ನಕ್ಕರು. ಅದೇ ತಿಂಗಳು ತೀರಿಕೊಂಡರು.

ಕಾಂಡಿ ಸುತ್ತುವವಳ ಒಂದು ವರ್ಷ ಹೋದದ್ದನ್ನು ನಮ್ಮ ಮನೆಯವರು ಬೇಗ ಮರೆತರು. ಶೆಡ್ಡಿನಲ್ಲಿ ಯಾರಿಗೂ ಅದು ಗೊತ್ತೇ ಆಗಲಿಲ್ಲ. ಅದನ್ನು ದೊಡ್ಡ ನಷ್ಟವೆಂದು ತಿಳಿದು ತಮ್ಮ ಪದವಿಯನ್ನೇ ಬಿಟ್ಟವರು ಸರ್ ಒಬ್ಬರೇ. ಈ ಮಾತನ್ನು ಅವರಿಗೆ ಅಂದು ಹೇಳಬೇಕಿತ್ತು. ಸಿಟ್ಟು ಉಳಿದಿದೆ ಎಂದಷ್ಟೇ ಹೇಳಿ ಎದ್ದು ಬಂದೆ.