ಹಿಂದಿನ ಸೀಟಿನ ಮಜ್ಜಿಗೆ

ಕುಬಿಹಾಳ ಕ್ರಾಸಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬೇವಿನ ಮರದ ಕೆಳಗೆ, ಟ್ರಕ್ಕಿನ ಚಾಸಿಯ ಮೇಲೆ ಕಟ್ಟಿದ ಇಪ್ಪತ್ತೆರಡು ವರ್ಷದ ಉದ್ದನೆಯ ಜೀಪೊಂದು ಹಿಂದಿನ ಗಾಲಿಗಳನ್ನು ಕಳಚಿಕೊಂಡು ಕಟ್ಟಿಗೆಯ ತುಂಡುಗಳ ಮೇಲೆ ನಿಂತಿದೆ. ಅದರ ಬದಿಯಲ್ಲಿ ಮೈಲಾರವ್ವ ಸೆರಗು ಬಿಗಿದುಕೊಂಡು, ನೆಲದ ಮೇಲೆ ಸಾಲಾಗಿ ಮಲಗಿಸಿದ ಕಬ್ಬಿಣದ ಪಾಟಾಗಳನ್ನು, ಅಂದರೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳನ್ನು, ಒಂದೊಂದಾಗಿ ಹಗ್ಗದ ಕುಣಿಕೆಗೆ ತೂಗುಬಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಠಣ್ ಎಂದ ಸದ್ದು ಮರದ ಮೇಲಿನ ಕಾಗೆಗಳಿಗೂ ಕೇಳುವಷ್ಟು ಹೊತ್ತು ಉಳಿಯುತ್ತದೆ. ಆರು ಪಾಟಾ ಹೀಗೇ ಹಾಡುತ್ತವೆ. ಏಳನೆಯದು ಠಪ್ ಎಂದು ಸುಮ್ಮನಾಗುತ್ತದೆ.

“ಇದು ಸತ್ತೈತಿ. ಹಚ್ಚೂದಿಲ್ಲ.”

ಜೀಪಿನ ಮಾಲೀಕ, ಡ್ರೈವರ್ ಎರಡೂ ಆಗಿರುವ ಗುಲಾಮಹುಸೇನ ಗಾಬರಿಯಾಗುತ್ತಾನೆ. ಈ ಪಾಟಾಗಳನ್ನು ಅವನು ಹುಬ್ಬಳ್ಳಿಯ ಗುಜರಿಯಲ್ಲಿ ಅರ್ಧ ದಿನ ಹುಡುಕಿ ತಂದಿದ್ದಾನೆ. “ಅಕ್ಕಾ, ಕಣ್ಣಿಗೆ ಅಗದಿ ಚಲೋ ಕಾಣತೈತಲ್ಲ.”

ಮೈಲಾರವ್ವ ಅದನ್ನು ಕುಣಿಕೆಯಿಂದ ಇಳಿಸುತ್ತಾರೆ. ಆ ಪಾಟಾಕ್ಕೆ ಡೀಸೆಲ್ ಸವರುತ್ತಾರೆ, ಬಟ್ಟೆಯಿಂದ ಒಣಗುವಂತೆ ಒರೆಸುತ್ತಾರೆ, ಮೇಲೆ ಸುಣ್ಣದ ಪುಡಿ ಉದುರಿಸಿ ಕಾಯುತ್ತಾರೆ. ಬಿಳಿ ಪುಡಿಯ ಮೇಲೆ, ಯಾರೋ ಒಳಗಿನಿಂದ ಬರೆದಂತೆ, ಕೂದಲೆಳೆಯ ಕಪ್ಪು ಗೆರೆಯೊಂದು ತಾನಾಗಿ ಮೂಡುತ್ತದೆ. ಬಿರುಕಿನೊಳಗೆ ಇಳಿದಿದ್ದ ಡೀಸೆಲ್ ಅದು. ಕಣ್ಣಿಗೆ ಕಾಣದ್ದನ್ನು ಕಿವಿ ಮೊದಲೇ ಹೇಳಿತ್ತು. ಗುಲಾಮಹುಸೇನ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾನೆ.

ಮೈಲಾರವ್ವನಿಗೆ ಈಗ ಐವತ್ಮೂರು. ಅಂಗಡಿಯ ತಗಡಿನ ಮೇಲೆ ‘ತಿರಕಪ್ಪ ಪಾಟಾ ವರ್ಕ್ಸ್’ ಎಂದು ಬರೆದಿದೆ. ತಿರಕಪ್ಪ ಅವರ ಗಂಡ. ಅವರು ಮೇಸ್ತ್ರಿಯಾಗಿದ್ದ ಹದಿನೆಂಟು ವರ್ಷ, ಗಾಡಿಯ ಕೆಳಗೆ ಬ್ಯಾಟರಿ ಹಿಡಿದು ಕೂರುವುದು ಮೈಲಾರವ್ವನ ಕೆಲಸವಾಗಿತ್ತು. ಎಂಟು ವರ್ಷದ ಹಿಂದೆ ಲಕ್ವಾ ಹೊಡೆದು ತಿರಕಪ್ಪನ ಬಲಗೈ ಬಿತ್ತು. ಮರುವಾರ ಬಂದ ಗಾಡಿಯ ಕೆಳಗೆ ಮೈಲಾರವ್ವ ಮಲಗಿದರು. ತಿರಕಪ್ಪ ಎಡಗೈಯಲ್ಲಿ ಬ್ಯಾಟರಿ ಹಿಡಿದರು. ಅಂದಿನಿಂದ ತಿಂಗಳಿಗೆ ಹದಿನೈದು, ಸುಗ್ಗಿಯಲ್ಲಿ ಇಪ್ಪತ್ತೈದು ಗಾಡಿ. ಒಂದು ಬದಿಯ ಪಾಟಾದ ಕಟ್ಟು ಐವತ್ತು ಕಿಲೋ ತೂಗುತ್ತದೆ. ಅದನ್ನು ಅವರು ಮೊಳಕಾಲಿನ ಮೇಲೆ ಇಟ್ಟುಕೊಂಡು, ಕೂಸಿನ ಹಾಗೆ ಜಾರಿಸುತ್ತ ಜಾಗಕ್ಕೆ ತರುತ್ತಾರೆ.

ಇವತ್ತಿಗೂ ಹೊಸಬರು ಬಂದರೆ ಮೈಲಾರವ್ವನನ್ನು ದಾಟಿ ನೋಡುತ್ತಾರೆ. “ಮೇಸ್ತ್ರಿ ಎಲ್ಲ್ಯದಾರ್ರಿ?” ಚಹಾ ಕಾಸುತ್ತ ಕೂತ ತಿರಕಪ್ಪ ಎಡಗೈ ಎತ್ತಿ ಗಾಡಿಯ ಕೆಳಗೆ ತೋರಿಸುತ್ತಾರೆ. “ಅಕಾ ಅಲ್ಲಿ, ಕಾಲ್ಗೆಜ್ಜಿ ಕಾಣ್ಸಾಕತ್ತಾವಲ್ಲ, ಅವರ.” ಬೋರ್ಡು ಬದಲಿಸುವುದಿಲ್ಲವೇ ಎಂದರೆ ಮೈಲಾರವ್ವ ನಗುತ್ತಾರೆ: “ಗಾಡಿ ಏನ್ ಬೋರ್ಡ್ ಓದಿ ಬರತಾವೇನ್ರಿ?”

ಈ ಬೆಳಗಿನ ಜೀಪು ಸಾಮಾನ್ಯದ್ದಲ್ಲ. ಮೆಣಸಿನಕಾಯಿ ಬಿಡಿಸುವ ಸುಗ್ಗಿ ಮುಗಿಯಲು ಇನ್ನೂ ಎರಡು ತಿಂಗಳಿದೆ. ಹನ್ನೆರಡು ಹೆಣ್ಣಾಳುಗಳನ್ನು ದಿನವೂ ಇಪ್ಪತ್ತು ಮೈಲಿ ದೂರದ ಹೊಲಕ್ಕೆ ಒಯ್ಯುವ ಜೀಪು ಇದು. ಬೆಳಿಗ್ಗೆ ಹೆಂಗಸರು ಮಾತ್ರ, ಸಂಜೆ ಅವರ ಜೊತೆ ಗಾಡಿಯ ನೆತ್ತಿಯ ಮೇಲೆ ಆರು ಚೀಲ ಮೆಣಸಿನಕಾಯಿ. ಹಳೆಯ ಪಾಟಾ ಕುಸಿದು, ಹೋದ ವಾರ ಚಾಸಿ ಅಚ್ಚಿಗೆ ಬಡಿದಿದೆ. ಗುಲಾಮಹುಸೇನನ ಬೇಡಿಕೆ ಸರಳ: ಏಳು ಪಾಟಾ ಇದ್ದಲ್ಲಿ ದಪ್ಪನೆಯ ಹನ್ನೊಂದು. “ಜಗ್ಗಬಾರದು ಅಕ್ಕಾ. ಕಲ್ಲಿನಂಗ ನಿಂದ್ರಬೇಕು.”

“ಕಲ್ಲಿನಂಗ ನಿಂತ್ರ ಕುಂತಾಕಿ ಏನಾಗಬೇಕು?” ಎನ್ನುತ್ತಾರೆ ಮೈಲಾರವ್ವ.

ಈ ಪ್ರಶ್ನೆಯನ್ನು ಅವರು ಕಲಿತದ್ದು ಹಿಟ್ಟಿನ ಗಿರಣಿಯಲ್ಲಿ. ಐದು ವರ್ಷದ ಹಿಂದೆ ಇಂಥದೇ ಒಂದು ಆಳಿನ ಗಾಡಿಗೆ ಲಾರಿ ಪಾಟಾ ತುಂಬಿ ಕಲ್ಲು ಮಾಡಿ ಕಳಿಸಿದ್ದರು. ಮಾಲೀಕ ತಿಂಗಳುಗಟ್ಟಲೆ ಹೊಗಳಿದ. ಡ್ರೈವರ್ ಮುಂದಿನ ಸೀಟಿನಲ್ಲಿ ಕೂತು ಹೊಗಳಿದ. ಒಂದು ದಿನ ಗಿರಣಿಯ ಪಾಳಿಯಲ್ಲಿ ಕೂಲಿಯ ನೀಲಕ್ಕ ಸೊಂಟ ಹಿಡಿದುಕೊಂಡು ಕೂತಿದ್ದಳು. ಗುಳಿಗೆ ನುಂಗಿ ಹೊಲಕ್ಕೆ ಹೋಗುವ ಸ್ಥಿತಿ. “ಆ ಗಾಡಿ ಪಾಟಾ ಯಾವ ಹಾಟ್ಯಾ ಕಟ್ಟ್ಯಾನೋ, ಅವನ ಕೈ ಸೇದಿ ಹೋಗ್ಲಿ” ಎಂದು ಶಾಪ ಹಾಕಿದಳು.

“ಅವನಲ್ಲ ಬೇ, ನಾನ” ಎಂದರು ಮೈಲಾರವ್ವ.

 ಮರುದಿನವೇ ಆ ಗಾಡಿಯನ್ನು ಕರೆಸಿ, ಬಿಟ್ಟಿಯಾಗಿ ಬಿಚ್ಚಿ ಕಟ್ಟಿದರು. “ಅಷ್ಟ ದಿನ ನಾ ಗಾಡೀನ ಕೇಳಿದ್ನಿ, ಮಾಲಕನ್ನ ಕೇಳಿದ್ನಿ. ಹಿಂದ ಕುಂತಾಕೀನ ಕೇಳಿದ್ದಿಲ್ರಿ. ನಾನೂ ಹೆಣ್ಣಾಗಿ.” ಈ ಮಾತು ಹೇಳುವಾಗ ಅವರು ಮುಖ ತಿರುಗಿಸಿ ಬೋಲ್ಟು ಬಿಗಿಯುವ ಪಾನಾ ಹುಡುಕುತ್ತಾರೆ. ಪಾನಾ ಅವರ ಕೈಯಲ್ಲೇ ಇರುತ್ತದೆ.

ಇವತ್ತು ಅವರು ಒಂದೊಂದು ಬದಿಗೆ ಕಟ್ಟುವುದು ಒಂಬತ್ತು. ಮೇಲಿನ ಏಳು ಬಾಗಿದ ಪಾಟಾ. ಕೆಳಗಿನ ಎರಡು ಮಾತ್ರ ದಪ್ಪ, ಗಿಡ್ಡ, ನೆಟ್ಟಗೆ. ಬರೀ ಹೆಂಗಸರಿದ್ದಾಗ ಇವಕ್ಕೆ ಮೇಲಿನವು ತಾಗುವುದೇ ಇಲ್ಲ. ಸಂಜೆ ಚೀಲಗಳ ಭಾರ ಬಿದ್ದು ಮೇಲಿನವು ತಗ್ಗಿದಾಗಷ್ಟೇ ಇವು ಹೆಗಲು ಕೊಡುತ್ತವೆ. “ಮನೀಗೆ ಬೀಗರು ಹೆಚ್ಚಾದಾಗ ಬಾಜೂ ಮನಿಯಾಕಿ ಬಂದು ರೊಟ್ಟಿ ಬಡದು ಹೋಗತಾಳ ನೋಡ್ರಿ, ಹಂಗ.” ಸತ್ತ ಪಾಟಾದ ಜಾಗಕ್ಕೆ ಅಂಗಡಿಯ ಹಳೆಯ ರಾಶಿಯಿಂದ ಇನ್ನೊಂದನ್ನು ಬಾರಿಸಿ ನೋಡಿ ಆರಿಸುತ್ತಾರೆ. ಕಟ್ಟು ದಪ್ಪವಾಗಿದ್ದರಿಂದ ಉದ್ದನೆಯ ಯು ಬೋಲ್ಟು, ಹೊಸ ಬುಷ್, ಕುಲುಕು ತಡೆಯುವ ಗಟ್ಟಿ ಜಾತಿಯ ಶಾಕಪ್. ಬೋಲ್ಟನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗುತ್ತಾರೆ. ಉದ್ದನೆಯ ಪಾನಾಕ್ಕೆ ಇಡೀ ಮೈ ಜೋತುಬಿದ್ದಾಗ ಅವರ ಕಾಲು ನೆಲ ಬಿಡುತ್ತವೆ.

ಏಳೂವರೆಗೆ ಗಾಲಿ ನೆಲ ಮುಟ್ಟುತ್ತವೆ. ಬುತ್ತಿ ಹಿಡಿದು ಮರದಡಿ ಕಾದಿದ್ದ ಹೆಂಗಸರನ್ನು ಮೈಲಾರವ್ವ ಹತ್ತಿಸುತ್ತಾರೆ. ಹನ್ನೆರಡೂ ಮಂದಿ ಕೂತ ಮೇಲೆ ಕೆಳಗೆ ನುಸುಳಿ, ಬಾಗಿದ ಪಾಟಾಕ್ಕೂ ಗಿಡ್ಡ ಪಾಟಾಕ್ಕೂ ನಡುವೆ ಬೆರಳಿಟ್ಟು ನೋಡುತ್ತಾರೆ. ಎರಡು ಬೆರಳಿನ ಸಂದು. ಸರಿಯಿದೆ.

“ತೂಕಾ ಮಾಡಾಕತ್ತೀಯೇನ ಬೇ ನಮ್ಮನ್ನ?” ಒಳಗಿನಿಂದ ನೀಲಕ್ಕನ ದನಿ.

“ನಿನ್ನ ತೂಕಾ ಹಾಕಿದ್ರ ಹನ್ನೊಂದ ಪಾಟಾ ಬೇಕಾಗತಿದ್ವು.”

ಗಾಡಿಯೆಲ್ಲ ನಗುತ್ತದೆ. ಮೈಲಾರವ್ವ ಒಂದು ಚರಿಗೆಯಲ್ಲಿ, ಬಾಯಿಗಿಂತ ನಾಲ್ಕು ಬೆರಳು ಕೆಳಗಿನವರೆಗೆ ಮಜ್ಜಿಗೆ ತುಂಬಿ ತಂದು ನೀಲಕ್ಕನ ಕಾಲ ಬಳಿ ಇಡುತ್ತಾರೆ. ಮುಚ್ಚಳ ಇಲ್ಲ. ಗಿರಣಿಯ ಆ ದಿನದಿಂದ ಇದೇ ಅವರ ಪರೀಕ್ಷೆ. ಹಿಂದಿನ ಸೀಟಿನಾಕೆ ಹೊಲ ಮುಟ್ಟಿದಾಗ ಎಷ್ಟು ಚೆಲ್ಲಿದೆ ಎಂದು ಬೆರಳಿಟ್ಟು ನೋಡಬೇಕು, ಉಳಿದದ್ದನ್ನು ಕುಡಿಯಬೇಕು, ಸಂಜೆ ಬಂದು ಹೇಳಬೇಕು. ಅರ್ಧ ಚರಿಗೆ ಚೆಲ್ಲಿದರೆ ಪಾಟಾ ಮತ್ತೆ ಬಿಚ್ಚುವುದು. ಮೂರು ಗಾಡಿಗಳು ಹಾಗೆ ಬಿಚ್ಚಿಸಿಕೊಂಡಿವೆ.

ಜೀಪು ಹೋದ ಮೇಲೆ ಇಡೀ ದಿನ ಮೈಲಾರವ್ವ ಬೇರೆ ಗಾಡಿಯ ಕೆಳಗಿದ್ದರೂ ಕಿವಿ ರಸ್ತೆಯ ಮೇಲೆ. ಹೋಗುವಾಗಿನ ಲೆಕ್ಕ ಸುಲಭ. ಬರುವಾಗ ಹೊಲದಿಂದ ಡಾಂಬರು ಮುಟ್ಟುವವರೆಗೆ ಎರೆಮಣ್ಣಿನ ದಾರಿ. ಮಳೆಗಾಲದ ಚಕ್ಕಡಿ ಗುರುತು ಒಣಗಿ ಹಲ್ಲಿನಂತೆ ನಿಂತಿರುತ್ತದೆ. ನೆತ್ತಿಯ ಮೇಲೆ ಚೀಲ, ಒಳಗೆ ದಿನವಿಡೀ ಬಗ್ಗಿದ ಹನ್ನೆರಡು ಬೆನ್ನು. “ಊಟಾ ಮಾಡ” ಎಂದು ತಿರಕಪ್ಪ ಎರಡು ಸಲ ಕರೆಯುತ್ತಾರೆ. ಮೂರನೆಯ ಸಲ ರೊಟ್ಟಿ ಸುತ್ತಿ ಗಾಡಿಯ ಕೆಳಗೇ ಚಾಚುತ್ತಾರೆ.

ಹೊತ್ತು ಮುಳುಗುವ ಮುಂಚೆ ಜೀಪು ಬರುತ್ತದೆ. ಗುಲಾಮಹುಸೇನ ಕಿಟಕಿಯಿಂದಲೇ ಕೂಗುತ್ತಾನೆ: “ಅಗದಿ ಮಸ್ತ್ ಅಕ್ಕಾ.”

ಮೈಲಾರವ್ವ ಅವನತ್ತ ನೋಡುವುದಿಲ್ಲ. ಮೊದಲು ಬಗ್ಗಿ ಪಾಟಾ ನೋಡುತ್ತಾರೆ: ಸಂದು ಮುಚ್ಚಿದೆ, ಗಿಡ್ಡ ಪಾಟಾಗಳು ಭಾರ ಹೊತ್ತಿವೆ. ಆಮೇಲೆ ಹಿಂದಿನ ಬಾಗಿಲಿಗೆ ಹೋಗುತ್ತಾರೆ.  ನೀಲಕ್ಕನ ಬಗಲಲ್ಲಿ ಕೂತಾಕೆ ಖಾಲಿ ಚರಿಗೆ ಚಾಚುತ್ತ ಪಿಸುಗುಡುತ್ತಾಳೆ: “ಎರಡ ಬೆರಳ ಚೆಲ್ಲಿತ್ತಷ್ಟ. ಹೊಲದಿಂದ ಹೊಂಟಾಗ ಮಲಗ್ಯಾಳ, ಇನ್ನೂ ಎದ್ದಿಲ್ಲ. ಎಬ್ಬಸ್ಲೇನ ಬೇ?”

ನೀಲಕ್ಕನ ತಲೆ ಕಿಟಕಿಯ ಸರಳಿಗೆ ಒರಗಿದೆ. ಬೆರಳುಗಳು ಮೆಣಸಿನಕಾಯಿಯಿಂದ ಕೆಂಪಾಗಿವೆ. ಬಾಯಿ ಸ್ವಲ್ಪ ತೆರೆದಿದೆ.

“ಬ್ಯಾಡ. ಊರು ಇನ್ನೂ ಒಂದೂವರಿ ಮೈಲಿ ಐತಿ, ಮಲಗ್ಲಿ” ಎನ್ನುತ್ತಾರೆ ಮೈಲಾರವ್ವ. ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚುತ್ತಾರೆ.

ಜೀಪು ಊರಿನ ಕಡೆ ತಿರುಗುತ್ತದೆ. ಅಂಗಡಿಗೆ ಬಂದು ಚರಿಗೆ ತೊಳೆಯುತ್ತ ಗಂಡನಿಗೆ ಹೇಳುತ್ತಾರೆ:

“ಅದನ್ನ ಇನ್ನ ಬಿಚ್ಚೂದಿಲ್ರಿ.”